ಏನು, ಎಷ್ಟು, ಯಾವಾಗ? ಸೈಕೆಡೆಲಿಕ್ ಅಣುಗಳ ಒಂದು ಪಾಠ

ಕಳೆದ ಸೆಮಿಸ್ಟರ್‌ನ ಒಂದು ಶನಿವಾರ ರಾತ್ರಿ, ಸುಮಾರು ಒಂದೂವರೆ ಗಂಟೆಗೆ, ನಾವು ಮೂವರು ಒಬ್ಬ ಗೆಳೆಯನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಮೈಯೆಲ್ಲ ಬೆವರು, ನಡುಕ, ಕಣ್ಣಿನ ಪಾಪೆ ಅಗಲವಾಗಿ ತೆರೆದಿತ್ತು. ಮೊದಮೊದಲು ‘ಗೋಡೆ ಉಸಿರಾಡ್ತಿದೆ’ ಅಂತ ನಗುತ್ತಿದ್ದವನು, ಆಮೇಲೆ ‘ನಾನು ಸತ್ತೋಗ್ತೀನಿ ಕಣ್ರೋ’ ಅಂತ ನಮ್ಮ ಕೈ ಬಿಡಲೇ ಇಲ್ಲ. ಕ್ಯಾಶುವಾಲ್ಟಿಯಲ್ಲಿದ್ದ ಡಾಕ್ಟರು ನಮ್ಮನ್ನು ಬೈಯಲಿಲ್ಲ. ನಾಲ್ಕು ಪ್ರಶ್ನೆ ಕೇಳಿದರು, ಅಷ್ಟೇ.

“ಏನು ತಗೊಂಡಿದಾನಪ್ಪಾ?”

“ಎಲ್‌ಎಸ್‌ಡಿ ಅಂತೆ ಮೇಡಂ. ಒಂದು ಕಾಗದದ ಚೂರು.”

“ಅಂತೆ ಅಂದ್ರೆ? ಸರಿ, ಎಷ್ಟು?”

“ಗೊತ್ತಿಲ್ಲ ಮೇಡಂ.”

“ಯಾವಾಗ ತಗೊಂಡ?”

“ಹತ್ತು, ಹತ್ತೂವರೆ ಇರ್ಬೇಕು.”

“ದಿನಾ ಬೇರೆ ಮಾತ್ರೆ ಏನಾದ್ರೂ ತಗೋತಾನಾ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೂರು ವರ್ಷದಿಂದ ಒಂದೇ ಹಾಸ್ಟೆಲು, ಒಂದೇ ಮೆಸ್ಸು. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಬೆಳಗಾಗುವ ಹೊತ್ತಿಗೆ ಗೆಳೆಯ ಸುಧಾರಿಸಿಕೊಂಡ. ಆದರೆ ಆ ನಾಲ್ಕು ಪ್ರಶ್ನೆಗಳು ನಮ್ಮ ಜೊತೆಗೇ ಉಳಿದವು. ಆಮೇಲೆ ನಾವು ಲೈಬ್ರರಿಯಲ್ಲಿ ಕೂತು ಓದಿದೆವು. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು: ಡಾಕ್ಟರು ಕೇಳಿದ್ದು ಬರೀ ಫಾರ್ಮ್ ತುಂಬಿಸುವ ಪ್ರಶ್ನೆಗಳಲ್ಲ, ಇಡೀ ಫಾರ್ಮಕಾಲಜಿಯೇ ಆ ನಾಲ್ಕು ಪ್ರಶ್ನೆಗಳಲ್ಲಿದೆ. ಹಾಗಾಗಿ ಈ ಪಾಠವನ್ನೂ ಅದೇ ಕ್ರಮದಲ್ಲಿ ಬರೆಯುತ್ತಿದ್ದೇವೆ. ಗೆಳೆಯ ಇದನ್ನು ಮೊದಲು ಓದಿದ. ‘ಹಾಕ್ರೋ, ಹೆಸರು ಮಾತ್ರ ಬೇಡ’ ಅಂದ.

ಮೊದಲನೆಯ ಪ್ರಶ್ನೆ: ಏನು?

‘ಸೈಕೆಡೆಲಿಕ್’ ಅನ್ನುವುದು ಒಂದು ವಸ್ತುವಿನ ಹೆಸರಲ್ಲ, ಒಂದು ಗುಂಪಿನ ಹೆಸರು. ಈ ಪದವನ್ನು 1950ರ ದಶಕದಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು ಗ್ರೀಕ್ ಮೂಲದಿಂದ ಕಟ್ಟಿದರು. ‘ಮನಸ್ಸನ್ನು ತೆರೆದು ತೋರಿಸುವುದು’ ಎಂದು ಅದರ ಅರ್ಥ. ಈ ಗುಂಪಿನ ಮುಖ್ಯ ಅಣುಗಳನ್ನು ರಚನೆಯ ಪ್ರಕಾರ ಎರಡು ಮನೆತನಗಳಾಗಿ ನೋಡಬಹುದು.

ಮೊದಲನೆಯದು ಟ್ರಿಪ್ಟಮೀನ್ ಮನೆತನ. ಬೆಂಜೀನ್ ಉಂಗುರಕ್ಕೆ ಸಾರಜನಕ ಇರುವ ಐದು ಮೂಲೆಯ ಇನ್ನೊಂದು ಉಂಗುರ ಅಂಟಿಕೊಂಡರೆ ಅದು ಇಂಡೋಲ್. ಆ ಇಂಡೋಲ್‌ಗೆ ಎರಡು ಕಾರ್ಬನ್‌ಗಳ ಬಾಲ, ಬಾಲದ ತುದಿಯಲ್ಲಿ ಒಂದು ಅಮೀನ್ ಇದ್ದರೆ ಟ್ರಿಪ್ಟಮೀನ್. ನಮ್ಮ ದೇಹವೇ ತಯಾರಿಸುವ ಸೆರೊಟೋನಿನ್ ಕೂಡ ಇದೇ ಮನೆತನದ್ದು: 5ನೇ ಸ್ಥಾನದಲ್ಲಿ ಒಂದು ಹೈಡ್ರಾಕ್ಸಿಲ್ ಇರುವ ಟ್ರಿಪ್ಟಮೀನ್. ಕೆಲವು ಅಣಬೆಗಳಲ್ಲಿರುವ ಸೈಲೋಸಿಬಿನ್, ಅಮೆಜಾನ್ ಕಾಡಿನ ಗಿಡಗಳಲ್ಲಿರುವ ಡಿಎಂಟಿ ಇವೆಲ್ಲ ಸೆರೊಟೋನಿನ್‌ನ ದಾಯಾದಿಗಳು.

ಎರಡನೆಯದು ಫೆನೆಥೈಲಮೀನ್ ಮನೆತನ. ಇಲ್ಲಿ ಇಂಡೋಲ್ ಇಲ್ಲ, ಬರೀ ಬೆಂಜೀನ್ ಉಂಗುರ ಮತ್ತು ಅದೇ ಬಾಲ. ಮೆಕ್ಸಿಕೋ ಕಡೆಯ ಪೆಯೋಟಿ ಕಳ್ಳಿಯಲ್ಲಿರುವ ಮೆಸ್ಕಲೀನ್ ಇದರಲ್ಲಿ ಹಿರಿಯ. 1897ರಲ್ಲಿ ಜರ್ಮನಿಯ ಆರ್ಥರ್ ಹೆಫ್ಟರ್ ಕಳ್ಳಿಯ ಆಲ್ಕಲಾಯ್ಡ್‌ಗಳನ್ನು ಬೇರೆಬೇರೆ ಮಾಡಿ, ಯಾವುದು ಕೆಲಸ ಮಾಡುತ್ತದೆಂದು ತಾನೇ ಸೇವಿಸಿ ನೋಡಿ ಗುರುತಿಸಿದ. 1919ರಲ್ಲಿ ಅರ್ನ್ಸ್ಟ್ ಷ್ಪೇಟ್ ಅದನ್ನು ಲ್ಯಾಬಿನಲ್ಲಿ ತಯಾರಿಸಿ ರಚನೆಯನ್ನು ಖಚಿತಪಡಿಸಿದ.

ಎಲ್‌ಎಸ್‌ಡಿ ಎಲ್ಲಿ ಬರುತ್ತದೆ? ಅದರ ರಚನೆ ಬರೆದು ನೋಡಿದರೆ ಒಂದಕ್ಕೊಂದು ಬೆಸೆದ ನಾಲ್ಕು ಉಂಗುರ. ಅದರೊಳಗೆ ಟ್ರಿಪ್ಟಮೀನ್ ಅಸ್ಥಿಪಂಜರವೂ ಇದೆ, ಫೆನೆಥೈಲಮೀನ್ ಅಸ್ಥಿಪಂಜರವೂ ಇದೆ. ಎರಡೂ ಮನೆತನದ ರಕ್ತ.

ಇದರ ಮೂಲ ಒಂದು ಬೆಳೆ ರೋಗ. ಯುರೋಪಿನಲ್ಲಿ ರೈ ಎಂಬ ಧಾನ್ಯದ ತೆನೆಗೆ ಎರ್ಗಾಟ್ ಶಿಲೀಂಧ್ರ ತಗಲುತ್ತದೆ. ಕಾಳಿನ ಜಾಗದಲ್ಲಿ ಕಪ್ಪು ಕೊಂಬಿನಂಥ ಗಂಟು ಬೆಳೆಯುತ್ತದೆ. ಅದು ಹಿಟ್ಟಿಗೆ ಸೇರಿ ಮಧ್ಯಯುಗದಲ್ಲಿ ಊರಿಗೆ ಊರೇ ಕಾಯಿಲೆ ಬಿದ್ದದ್ದುಂಟು: ರಕ್ತನಾಳ ಸಂಕುಚಿಸಿ ಕೈಕಾಲು ಕೊಳೆಯುವುದು, ಸೆಳವು, ಭ್ರಮೆ. ನಮ್ಮ ಉತ್ತರ ಕರ್ನಾಟಕದಲ್ಲಿ ಬೆಳೆಯುವ ಸಜ್ಜೆಗೂ ಎರ್ಗಾಟ್ ರೋಗ ಬರುತ್ತದೆ. ತೆನೆಯಿಂದ ಜೇನಿನಂಥ ಅಂಟು ಹನಿ ಒಸರುತ್ತದೆ. ಆದರೆ ಅದು ಬೇರೆ ಜಾತಿಯ ಶಿಲೀಂಧ್ರ, ಅದರ ಆಲ್ಕಲಾಯ್ಡ್‌ಗಳೂ ಬೇರೆ. ತಿಂದರೆ ವಾಂತಿ, ತಲೆಸುತ್ತು, ಮಂಪರು. ಬಿತ್ತನೆ ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ್ದನ್ನು ತೆಗೆದು ಬಿಸಾಡಿ ಎಂದು ಕೃಷಿ ಇಲಾಖೆಯವರು ಹೇಳುವುದು ಈ ಗಂಟುಗಳನ್ನು ಬೇರ್ಪಡಿಸಲೆಂದೇ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಸ್ಯಾಂಡೋಜ್ ಕಂಪನಿಯ ಕೆಮಿಸ್ಟ್ ಆಲ್ಬರ್ಟ್ ಹಾಫ್‌ಮನ್ ಎರ್ಗಾಟ್‌ನಿಂದ ಬರುವ ಲೈಸರ್ಜಿಕ್ ಆಮ್ಲದ ಬಗೆಬಗೆಯ ಅಮೈಡ್‌ಗಳನ್ನು ಮಾಡುತ್ತಿದ್ದರು. ರಕ್ತಪರಿಚಲನೆ, ಉಸಿರಾಟಕ್ಕೆ ಚುರುಕು ಕೊಡುವ ಔಷಧಿ ಸಿಗಬಹುದೆಂಬ ಆಸೆ. 1938ರಲ್ಲಿ ತಯಾರಾದ ಸರಣಿಯ 25ನೆಯದು ಎಲ್‌ಎಸ್‌ಡಿ-25. ಪ್ರಾಣಿಗಳ ಮೇಲೆ ವಿಶೇಷವೇನೂ ಕಾಣದೆ ಅದನ್ನು ಬದಿಗಿಟ್ಟರು. ಐದು ವರ್ಷದ ನಂತರ, 1943ರ ಏಪ್ರಿಲ್ 16ರಂದು ಮತ್ತೆ ತಯಾರಿಸುವಾಗ ಹೇಗೋ ಮೈಗೆ ಸೋಕಿ ವಿಚಿತ್ರ ಅನುಭವವಾಯಿತು. 19ರಂದು ಬೇಕೆಂದೇ 250 ಮೈಕ್ರೋಗ್ರಾಂ ತೆಗೆದುಕೊಂಡರು. ಇದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಯಾವ ವಸ್ತುವೂ ಪರಿಣಾಮ ಬೀರಲಾರದು ಎಂಬುದು ಅವರ ಲೆಕ್ಕ. ಯುದ್ಧಕಾಲ, ಕಾರು ಇಲ್ಲ. ಸಹಾಯಕಿಯ ಜೊತೆ ಸೈಕಲ್ ತುಳಿದು ಮನೆ ಸೇರುವಷ್ಟರಲ್ಲಿ ಲೋಕವೇ ಬೇರೆಯಾಗಿತ್ತು. ಬಂದ ಡಾಕ್ಟರಿಗೆ ಅಗಲವಾದ ಕಣ್ಣಿನ ಪಾಪೆ ಬಿಟ್ಟು ಇನ್ನೇನೂ ವ್ಯತ್ಯಾಸ ಕಾಣಲಿಲ್ಲ.

ಇದೇ ಲೈಸರ್ಜಿಕ್ ಆಮ್ಲದ ಇನ್ನೊಂದು ಅಮೈಡ್ ಮೀಥೈಲ್‌ಎರ್ಗೊಮೆಟ್ರಿನ್. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಕೊಡುವ ಇಂಜೆಕ್ಷನ್ ಅದು, ಹೆರಿಗೆ ವಾರ್ಡುಗಳಲ್ಲಿ ಇಟ್ಟಿರುತ್ತಾರೆ. ಎಲ್‌ಎಸ್‌ಡಿಗೂ ಅದಕ್ಕೂ ನಾಲ್ಕು ಉಂಗುರಗಳ ದೇಹ ಒಂದೇ, ಅಮೈಡ್ ತೋಳು ಮಾತ್ರ ಬೇರೆ. ಒಂದು ತೋಳು ಬದಲಾದರೆ ಒಂದು ತಾಯಿಯ ಜೀವ ಉಳಿಸುತ್ತದೆ, ಇನ್ನೊಂದು ಗೋಡೆಯನ್ನು ಉಸಿರಾಡಿಸುತ್ತದೆ. ‘ಹೆಚ್ಚು ಕಡಿಮೆ ಅದೇ’ ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

ಈಗ ಕಾಗದದ ಚೂರಿಗೆ ಬರೋಣ. ಅದರ ಮೇಲೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. 25ಐ-ಎನ್‌ಬಿಒಎಂಇ ಎಂಬ ಸಂಶ್ಲೇಷಿತ ಫೆನೆಥೈಲಮೀನ್ ಒಂದಿದೆ. ಅದೂ ಮೈಕ್ರೋಗ್ರಾಂಗಳಲ್ಲೇ ಕೆಲಸ ಮಾಡುವುದರಿಂದ ಅದನ್ನೂ ಕಾಗದದ ಚೂರಿಗೆ ಹಾಕಿ ಎಲ್‌ಎಸ್‌ಡಿ ಅಂತ ಮಾರಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಅದರಿಂದ ರಕ್ತದೊತ್ತಡ, ಮೈಬಿಸಿ ವಿಪರೀತ ಏರಿ, ಫಿಟ್ಸ್ ಬಂದು ಸತ್ತವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ನಮ್ಮ ‘ಅಂತೆ’ ಕೇಳಿ ಡಾಕ್ಟರು ತಿರುಗಿ ನೋಡಿದ್ದು ಇದಕ್ಕೇ.

‘ಕೆಮಿಕಲ್ ಬೇಡ, ನ್ಯಾಚುರಲ್ ಆದ್ರೆ ಪರವಾಗಿಲ್ಲ’ ಅನ್ನುವವರಿಗೂ ಒಂದು ಮಾತು. ಶಿವರಾತ್ರಿಗೆ ಶಿವನಿಗೆ ಹೂವು ಏರಿಸುವ ಉಮ್ಮತ್ತಿ ಗಿಡ ನಮ್ಮ ರಸ್ತೆ ಬದಿಯಲ್ಲೇ ಬೆಳೆಯುತ್ತದೆ. ಅದೂ ಭ್ರಮೆ ತರಿಸುತ್ತದೆ. ಆದರೆ ಅದು ಸೈಕೆಡೆಲಿಕ್ ಅಲ್ಲವೇ ಅಲ್ಲ. ಅದರಲ್ಲಿರುವ ಅಟ್ರೋಪಿನ್, ಸ್ಕೋಪೊಲಮೀನ್ ಸೆರೊಟೋನಿನ್ ಕಡೆ ಹೋಗುವುದಿಲ್ಲ, ಅಸಿಟೈಲ್‌ಕೋಲೀನ್‌ನ ಬಾಗಿಲನ್ನು ಮುಚ್ಚುತ್ತವೆ. ಬಾಯಿ ಒಣಗುತ್ತದೆ, ಮೂತ್ರ ಕಟ್ಟುತ್ತದೆ, ಜ್ವರ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಪೂರ್ತಿ ಸನ್ನಿ ಹಿಡಿದಂತಾಗುತ್ತದೆ. ಬೀಜ ತಿಂದು ಸತ್ತವರಿದ್ದಾರೆ. ಗಿಡದ್ದೋ ಲ್ಯಾಬಿನದ್ದೋ ಎಂಬುದು ಅಣುವಿಗೆ ಗೊತ್ತಿಲ್ಲ.

ಎರಡನೆಯ ಪ್ರಶ್ನೆ: ಎಷ್ಟು?

ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನ ಡಿಜಿಟಲ್ ತಕ್ಕಡಿ ನೆನಪಿದೆಯಾ? ಗಾಜಿನ ಪೆಟ್ಟಿಗೆಯೊಳಗೆ ಇರುತ್ತಲ್ಲ, ಅದು. ಗ್ರಾಂನಲ್ಲಿ ನಾಲ್ಕು ದಶಾಂಶ ಸ್ಥಾನ ತೋರಿಸುತ್ತದೆ. ಕೊನೆಯ ಅಂಕಿ ಒಂದು ಏರಿದರೆ 0.0001 ಗ್ರಾಂ, ಅಂದರೆ 100 ಮೈಕ್ರೋಗ್ರಾಂ. ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿದರೆ ಆ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಎಲ್‌ಎಸ್‌ಡಿ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಒಬ್ಬರಿಗೆ ಕೊಡುವ ಪೂರ್ಣ ಪ್ರಮಾಣ ಸಾಮಾನ್ಯವಾಗಿ 100 ಮೈಕ್ರೋಗ್ರಾಂ ಆಸುಪಾಸು. ನಮ್ಮ ತಕ್ಕಡಿಯ ಕೊನೆಯ ಅಂಕಿಯ ತಡವರಿಕೆಯಷ್ಟು ವಸ್ತು, ಎಂಟು ಹತ್ತು ಗಂಟೆ ಮನಸ್ಸನ್ನು ಅಲ್ಲಾಡಿಸುತ್ತದೆ. ಒಂದು 500 ಮಿಲಿಗ್ರಾಂ ಪ್ಯಾರಸಿಟಮಾಲ್ ಮಾತ್ರೆ ಇದರ 5000 ಪಟ್ಟು ಭಾರ.

ಇಷ್ಟು ಕಡಿಮೆ ವಸ್ತು ಹೇಗೆ ಸಾಲುತ್ತದೆ? ಲೆಕ್ಕ ಮಾಡೋಣ. ಎಲ್‌ಎಸ್‌ಡಿಯ ಮೋಲಾರ್ ದ್ರವ್ಯರಾಶಿ 323.4. ನೂರು ಮೈಕ್ರೋಗ್ರಾಂ ಎಂದರೆ ಸುಮಾರು 0.31 ಮೈಕ್ರೋಮೋಲ್. ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಸುಮಾರು 1.86 ಗುಣಿಸು 10ರ 17ನೇ ಘಾತದಷ್ಟು ಅಣುಗಳು. ಮನುಷ್ಯನ ಮೆದುಳಿನಲ್ಲಿ ನರಕೋಶಗಳು ಸುಮಾರು 8600 ಕೋಟಿ. ಸಾವಿರಕ್ಕೆ ಒಂದೇ ಅಣು ಮೆದುಳಿಗೆ ತಲುಪಿತು ಅಂತಿಟ್ಟುಕೊಂಡರೂ ಒಂದೊಂದು ನರಕೋಶಕ್ಕೆ ಎರಡು ಸಾವಿರಕ್ಕೂ ಹೆಚ್ಚು ಅಣು ಸಿಗುತ್ತದೆ. ಅಲ್ಲಿಗೆ ‘ಕಡಿಮೆ’ ಅನ್ನುವುದು ತಕ್ಕಡಿಯ ಮಾತು, ಕೋಶದ ಮಾತಲ್ಲ.

ಇನ್ನು ಆ ಅಣುಗಳು ಹೋಗಿ ಕೂರುವ ಜಾಗ. ಕೋಶದ ಪೊರೆಯಲ್ಲಿ ಗ್ರಾಹಕಗಳಿರುತ್ತವೆ, ಅಂದರೆ ರಿಸೆಪ್ಟರ್‌ಗಳು. ಸೆರೊಟೋನಿನ್‌ಗೇ ಹದಿನಾಲ್ಕು ಬಗೆಯ ರಿಸೆಪ್ಟರ್‌ಗಳಿವೆ. ಸೈಕೆಡೆಲಿಕ್‌ಗಳ ಕತೆಯಲ್ಲಿ ಮುಖ್ಯವಾದದ್ದು 5-ಎಚ್‌ಟಿ2ಎ. ಮೆದುಳಿನ ಹೊರಪದರದ ದೊಡ್ಡ ಪಿರಮಿಡ್ ಆಕಾರದ ನರಕೋಶಗಳಲ್ಲಿ ಇದು ಹೇರಳ. ಅಣು ಇದರಲ್ಲಿ ಕೂತರೆ ರಿಸೆಪ್ಟರ್‌ನ ಒಳತುದಿ ಸ್ವಲ್ಪ ತಿರುಚುತ್ತದೆ, ಅಲ್ಲಿ ಕಾದಿದ್ದ ಜಿ-ಪ್ರೋಟೀನ್ ಎಚ್ಚರವಾಗುತ್ತದೆ, ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಕಿಣ್ವ ಒಂದರ ಹಿಂದೆ ಒಂದು ಸಂದೇಶವಾಹಕ ಅಣುಗಳನ್ನು ಕತ್ತರಿಸಿ ಬಿಡುತ್ತದೆ, ಕೊನೆಗೆ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಹಂತಹಂತವಾಗಿ ಸಿಗ್ನಲ್ ದೊಡ್ಡದಾಗುತ್ತಾ ಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಂದರ ಮುಂದೊಂದು ಜೋಡಿಸಿದ ಆಂಪ್ಲಿಫೈಯರ್‌ಗಳು.

ಈ ಒಂದೇ ರಿಸೆಪ್ಟರ್ ಕಾರಣ ಎಂದು ಹೇಗೆ ಗೊತ್ತಾಯಿತು? 1998ರಲ್ಲಿ ಜ್ಯೂರಿಕ್‌ನ ಫ್ರಾಂಜ್ ಫೊಲೆನ್‌ವೈಡರ್ ಮತ್ತು ಜೊತೆಗಾರರು ಸ್ವಯಂಸೇವಕರಿಗೆ ಮೊದಲು ಕೆಟಾನ್ಸೆರಿನ್ ಎಂಬ ಔಷಧಿ ಕೊಟ್ಟರು. ಅದು 5-ಎಚ್‌ಟಿ2ಎ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಆಮೇಲೆ ಸೈಲೋಸಿಬಿನ್ ಕೊಟ್ಟರೆ ಭ್ರಮೆ ಬರಲಿಲ್ಲ. 2017ರಲ್ಲಿ ಎಲ್‌ಎಸ್‌ಡಿಗೂ ಇದೇ ಫಲಿತಾಂಶ ಬಂತು. ಸರ್ಕ್ಯೂಟಿನಲ್ಲಿ ಒಂದು ವೈರ್ ಕತ್ತರಿಸಿ ದೀಪ ಆರಿತೇ ಎಂದು ನೋಡುತ್ತೇವಲ್ಲ, ಇದೂ ಹಾಗೆಯೇ.

ಆದರೆ ಪಠ್ಯಪುಸ್ತಕದ ‘ಬೀಗ ಮತ್ತು ಕೀಲಿ’ ಉಪಮೆ ಇಲ್ಲಿಗೇ ಕೈಕೊಡುತ್ತದೆ. ಎರಡು ತೊಡಕು ನೋಡಿ.

ಒಂದು, ಸೆರೊಟೋನಿನ್ ದಿನವಿಡೀ ಅದೇ ಬೀಗಕ್ಕೆ ಹೋಗಿ ಬರುತ್ತಿದೆ. ಹಾಗಾದರೆ ನಮಗೆ ದಿನವಿಡೀ ಗೋಡೆ ಏಕೆ ಉಸಿರಾಡುವುದಿಲ್ಲ? ಇದಕ್ಕೆ 2023ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಡೇವಿಡ್ ಓಲ್ಸನ್ ತಂಡ ಒಂದು ಉತ್ತರ ಕೊಟ್ಟಿತು. 5-ಎಚ್‌ಟಿ2ಎ ರಿಸೆಪ್ಟರ್‌ಗಳಲ್ಲಿ ಬಹಳಷ್ಟು ಕೋಶದ ಒಳಗಡೆಯೇ ಇರುತ್ತವೆ. ಸೆರೊಟೋನಿನ್ ನೀರನ್ನು ಇಷ್ಟಪಡುವ ಅಣು, ಕೊಬ್ಬಿನ ಪೊರೆಯನ್ನು ದಾಟಲಾರದು. ಸೈಕೆಡೆಲಿಕ್ ಅಣುಗಳು ಕೊಬ್ಬಿನಲ್ಲಿ ಕರಗುತ್ತವೆ, ಸಲೀಸಾಗಿ ಒಳಗೆ ಹೋಗುತ್ತವೆ. ಬೀಗ ಅದೇ ಇರಬಹುದು, ಇರುವುದು ಮನೆಯ ಒಳಕೋಣೆಯಲ್ಲಿ. ಇದು ಕೋಶಗಳಲ್ಲಿ ಮತ್ತು ಇಲಿಗಳಲ್ಲಿ ಕಂಡ ಫಲಿತಾಂಶ ಎಂಬುದನ್ನೂ ಮರೆಯುವಂತಿಲ್ಲ.

ಇನ್ನೊಂದು, ಲಿಸುರೈಡ್. ಪಾರ್ಕಿನ್ಸನ್ ಕಾಯಿಲೆಗೆ ಬಳಸಿದ ಔಷಧಿ ಇದು. ಎಲ್‌ಎಸ್‌ಡಿಯ ಹಾಗೇ ನಾಲ್ಕು ಉಂಗುರ, ಅದೇ ರಿಸೆಪ್ಟರ್‌ಗೆ ಗಟ್ಟಿಯಾಗಿ ಅಂಟುತ್ತದೆ. ಆದರೆ ಸೈಕೆಡೆಲಿಕ್ ಅಲ್ಲ. ರಿಸೆಪ್ಟರ್ ಒಳಗಡೆ ಬೇರೆ ದಾರಿಯ ಸಿಗ್ನಲ್ ಹಿಡಿಯುತ್ತದೆ ಎಂದು ಒಂದು ವಿವರಣೆ. ದಾರಿ ಅದೇ, ಆದರೆ ಸಿಗ್ನಲ್ ಒಂದು ಮಟ್ಟ ದಾಟುವುದಿಲ್ಲ ಎಂದು ಇನ್ನೊಂದು. ಕೂರುವುದು ಬೇರೆ, ಕೂತು ಎಷ್ಟು ತಿರುಚುತ್ತದೆ ಎಂಬುದು ಬೇರೆ. ಮೊದಲನೆಯದನ್ನು ಅಫಿನಿಟಿ, ಎರಡನೆಯದನ್ನು ಎಫಿಕಸಿ ಎನ್ನುತ್ತಾರೆ. ಪರೀಕ್ಷೆಗಲ್ಲದಿದ್ದರೂ ಈ ಎರಡು ಪದ ನೆನಪಿರಲಿ.

ಆಕಾರದ ಬಗ್ಗೆ ಕೊನೆಯದಾಗಿ ಒಂದು ಲೆಕ್ಕ. ಎಲ್‌ಎಸ್‌ಡಿಯಲ್ಲಿ ಅಸಮ್ಮಿತ ಕಾರ್ಬನ್‌ಗಳು ಎರಡು. ಅಂದರೆ ಎರಡರ ವರ್ಗ, ನಾಲ್ಕು ಕನ್ನಡಿ-ಬಗೆಯ ರೂಪಗಳು. ಪರಮಾಣುಗಳು ಅಷ್ಟೇ, ಬಂಧಗಳು ಅವೇ. ನಾಲ್ಕರಲ್ಲಿ ಕೆಲಸ ಮಾಡುವುದು ಒಂದೇ ಒಂದು.

ಈ ಅಣುಗಳ ಬಲದ ನಡುವೆಯೂ ಭಾರಿ ಅಂತರವಿದೆ. ಎಲ್‌ಎಸ್‌ಡಿ 100 ಮೈಕ್ರೋಗ್ರಾಂ ಮಾಡುವ ಕೆಲಸಕ್ಕೆ ಸೈಲೋಸಿಬಿನ್ 20 ಮಿಲಿಗ್ರಾಂ ಆಸುಪಾಸು ಬೇಕು, ಮೆಸ್ಕಲೀನ್ ನೂರಾರು ಮಿಲಿಗ್ರಾಂ. ಹಾಗಾಗಿ ‘ಎಷ್ಟು’ ಎಂಬ ಪ್ರಶ್ನೆಗೆ ‘ಏನು’ ಗೊತ್ತಿಲ್ಲದೆ ಉತ್ತರವಿಲ್ಲ. ಕಾಗದದ ಚೂರಿನ ಮೇಲೆ ಒಂದು ಹನಿ ಹೆಚ್ಚು ಬಿದ್ದರೆ ಪ್ರಮಾಣ ಎರಡರಷ್ಟು, ಮೂರರಷ್ಟು. ಅದನ್ನು ಮಾರುವವನ ಹತ್ತಿರ ನಮ್ಮ ಲ್ಯಾಬಿನ ತಕ್ಕಡಿಯೂ ಇರುವುದಿಲ್ಲ, ಇದ್ದರೂ ಸಾಲುತ್ತಿರಲಿಲ್ಲ.

ಮೂರನೆಯ ಪ್ರಶ್ನೆ: ಯಾವಾಗ?

ರಕ್ತದಲ್ಲಿರುವ ಎಲ್‌ಎಸ್‌ಡಿ ಅರ್ಧಕ್ಕೆ ಇಳಿಯಲು ಸುಮಾರು ಮೂರೂವರೆ ಗಂಟೆ ಬೇಕು. ಆದರೆ ಅನುಭವ ಎಂಟರಿಂದ ಹನ್ನೆರಡು ಗಂಟೆ ಎಳೆಯುತ್ತದೆ. ಈ ಎಳೆತಕ್ಕೆ ಒಂದು ಕಾರಣ 2017ರಲ್ಲಿ ಗೊತ್ತಾಯಿತು. ಅಮೆರಿಕದ ನಾರ್ತ್ ಕೆರೊಲಿನಾದ ಬ್ರಯಾನ್ ರಾತ್ ತಂಡ, 5-ಎಚ್‌ಟಿ2ಎಯ ಹತ್ತಿರದ ಬಂಧುವಾದ 5-ಎಚ್‌ಟಿ2ಬಿ ಒಳಗೆ ಎಲ್‌ಎಸ್‌ಡಿ ಕೂತಿರುವ ಸ್ಫಟಿಕ ರಚನೆಯನ್ನು ಎಕ್ಸ್-ರೇಯಿಂದ ಬಿಡಿಸಿತು. ಅಣು ಗುಳಿಯೊಳಗೆ ಕೂತ ಮೇಲೆ ರಿಸೆಪ್ಟರ್‌ನದೇ ಒಂದು ಪ್ರೋಟೀನ್ ಸುರುಳಿ ಮುಚ್ಚಳದ ಹಾಗೆ ಮೇಲೆ ಬಂದು ಕೂರುತ್ತದೆ. ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ. ಆ ಸುರುಳಿಯ ಒಂದೇ ಒಂದು ಅಮೈನೋ ಆಮ್ಲ ಬದಲಿಸಿ ಮುಚ್ಚಳವನ್ನು ಸಡಿಲಗೊಳಿಸಿದರೆ ಎಲ್‌ಎಸ್‌ಡಿ ಬೇಗ ಹೊರಬರುತ್ತದೆ. 5-ಎಚ್‌ಟಿ2ಎಯಲ್ಲೂ ಅದು ಗಂಟೆಗಟ್ಟಲೆ ಕೂರುತ್ತದೆ ಎಂದು ಅವರ ಅಳತೆ ತೋರಿಸಿತು.

ಬೇರೆ ಅಣುಗಳ ಗಡಿಯಾರ ಬೇರೆ. ಸೈಲೋಸಿಬಿನ್ ತಾನಾಗಿ ಏನೂ ಮಾಡುವುದಿಲ್ಲ. ಅದರ 4ನೇ ಸ್ಥಾನದಲ್ಲಿ ಒಂದು ಫಾಸ್ಫೇಟ್ ಇದೆ. ದೇಹದ ಫಾಸ್ಫಟೇಸ್ ಕಿಣ್ವ ಅದನ್ನು ಕತ್ತರಿಸಿ ಸೈಲೋಸಿನ್ ಮಾಡಿದ ಮೇಲೆಯೇ ಕೆಲಸ ಶುರು. ಇಂಥದ್ದಕ್ಕೆ ಪ್ರೋಡ್ರಗ್ ಎನ್ನುತ್ತಾರೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ಆರಂಭವಾಗಿ ನಾಲ್ಕರಿಂದ ಆರು ಗಂಟೆ ಇರುತ್ತದೆ. ಇದನ್ನು ಅಣಬೆಯಿಂದ ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದವರೂ ಅದೇ ಹಾಫ್‌ಮನ್.

ಡಿಎಂಟಿಯದು ಇನ್ನೊಂದು ಬಗೆ. ಬಾಯಿಂದ ತೆಗೆದುಕೊಂಡರೆ ಕರುಳು ಮತ್ತು ಲಿವರ್‌ನಲ್ಲಿರುವ ಮೋನೋಅಮೀನ್ ಆಕ್ಸಿಡೇಸ್ ಕಿಣ್ವ ಅದನ್ನು ಮೆದುಳಿಗೆ ಹೋಗುವ ಮೊದಲೇ ಒಡೆದುಹಾಕುತ್ತದೆ. ಆದರೂ ಅಮೆಜಾನ್‌ನ ಮೂಲನಿವಾಸಿಗಳು ಅದರ ಕಷಾಯವನ್ನು ಕುಡಿಯುತ್ತಾರೆ. ಹೇಗೆ? ಅವರ ಅಯಾವಾಸ್ಕಾ ಕಷಾಯದಲ್ಲಿ ಎರಡು ಸಸ್ಯಗಳಿವೆ. ಒಂದರ ಎಲೆಯಲ್ಲಿ ಡಿಎಂಟಿ. ಇನ್ನೊಂದರ ಬಳ್ಳಿಯಲ್ಲಿ ಹಾರ್ಮಿನ್, ಹಾರ್ಮಲಿನ್. ಇವು ಆ ಕಿಣ್ವವನ್ನೇ ತಡೆಯುತ್ತವೆ. ಕಿಣ್ವ ಎಂಬ ಪದ ಹುಟ್ಟುವ ಮೊದಲೇ ಆ ಜನ ಕಿಣ್ವ ನಿರೋಧವನ್ನು ಬಳಕೆಗೆ ತಂದಿದ್ದರು.

‘ಯಾವಾಗ’ ಎಂದು ಡಾಕ್ಟರು ಕೇಳಿದ್ದು ಇದಕ್ಕೆ: ಇದು ಏರುತ್ತಿದೆಯೋ, ಇಳಿಯುತ್ತಿದೆಯೋ, ಇನ್ನೆಷ್ಟು ಹೊತ್ತು ಕಾಯಬೇಕು? ಇದು ತಿಳಿದಿದ್ದರೆ, ‘ಇದು ಇಳಿಯುತ್ತೆ, ಇಷ್ಟು ಹೊತ್ತಿಗೆ ಇಳಿಯುತ್ತೆ’ ಎಂದು ಹೆದರಿದವನಿಗೆ ಧೈರ್ಯ ಹೇಳಬಹುದು. ಅಂದು ನರ್ಸ್ ಒಬ್ಬರು ಗೆಳೆಯನ ಪಕ್ಕ ಕೂತು ಅದನ್ನೇ ಹೇಳುತ್ತಿದ್ದರು.

ಮಾರನೆಯ ದಿನ ಮತ್ತೆ ಅದೇ ಪ್ರಮಾಣ ತೆಗೆದುಕೊಂಡರೆ ಪರಿಣಾಮ ಬಹಳ ಕಡಿಮೆ. ಪ್ರಚೋದನೆ ಜಾಸ್ತಿಯಾದಾಗ ಕೋಶ ತನ್ನ 5-ಎಚ್‌ಟಿ2ಎ ರಿಸೆಪ್ಟರ್‌ಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಅಫೀಮಿನ ಹಾಗೆ ದಿನಾ ಬೇಕೇಬೇಕು ಎಂಬ ಚಟ ಇವುಗಳಿಗೆ ಅಪರೂಪವಾಗಿರಲು ಇದೊಂದು ಕಾರಣ. ಚಟ ಹಿಡಿಯದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ.

ನಾಲ್ಕನೆಯ ಪ್ರಶ್ನೆ: ಬೇರೆ ಮಾತ್ರೆ?

ಹಾಸ್ಟೆಲಿನಲ್ಲಿ ಆತಂಕಕ್ಕೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅದು ನಾಚಿಕೆಯ ವಿಷಯವಲ್ಲ. ಆದರೆ ಅದು ಗೊತ್ತಿರಬೇಕು. ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ತಿನ್ನುವವರಲ್ಲಿ ಎಲ್‌ಎಸ್‌ಡಿಯ ಪರಿಣಾಮ ಮಂದವಾಗುವುದುಂಟು. ‘ಏನೂ ಆಗ್ಲಿಲ್ಲ’ ಅಂತ ಇನ್ನೊಂದು ಚೂರು ತೆಗೆದುಕೊಳ್ಳುವ ಅಪಾಯ ಅಲ್ಲಿದೆ. ಅದೇ ಎಸ್‌ಎಸ್‌ಆರ್‌ಐ ಜೊತೆ ಅಯಾವಾಸ್ಕಾದಂಥ ಕಿಣ್ವನಿರೋಧಕ ಸೇರಿದರೆ ಸೆರೊಟೋನಿನ್ ವಿಪರೀತವಾಗಿ ಏರಿ ಪ್ರಾಣಕ್ಕೆ ಸಂಚಕಾರ ಬರಬಹುದು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಜೊತೆ ಸೈಕೆಡೆಲಿಕ್ ಸೇರಿ ಫಿಟ್ಸ್ ಬಂದ ವರದಿಗಳಿವೆ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದರೆ ಸಂಶೋಧಕರು ಅಂಥವರನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. ಇಂಥ ಕಾಯಿಲೆಗಳು ಮೊದಲು ತಲೆಯೆತ್ತುವ ವಯಸ್ಸು ಸುಮಾರಾಗಿ ನಮ್ಮದೇ.

ಹಾಗಾದರೆ ಔಷಧಿ ಆಗಬಹುದಾ?

ಈ ಪ್ರಶ್ನೆ ಕ್ಯಾಂಪಸ್ಸಿನಲ್ಲಿ ಬಂದೇ ಬರುತ್ತದೆ. ಪ್ರಾಮಾಣಿಕ ಉತ್ತರ: ಪರೀಕ್ಷೆ ನಡೆಯುತ್ತಿದೆ. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಖಿನ್ನತೆಯಿದ್ದ 59 ಜನರ ಮೇಲೆ ಸೈಲೋಸಿಬಿನ್ ಮತ್ತು ಎಸ್ಸಿಟಾಲೊಪ್ರಾಮ್ ಎರಡನ್ನೂ ಹೋಲಿಸಿದರು. ಮುಖ್ಯ ಅಳತೆಗೋಲಿನಲ್ಲಿ ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಾಕಷ್ಟು ವರ್ಷ ಬಳಕೆಯಲ್ಲಿರುವ ಮಾತ್ರೆಗೆ ಸರಿಸಮ ನಿಂತದ್ದು ಸಣ್ಣ ಮಾತಲ್ಲ, ಪವಾಡವೂ ಅಲ್ಲ. 2023ರ ಜುಲೈನಿಂದ ಆಸ್ಟ್ರೇಲಿಯಾ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಅನುಮತಿ ಪಡೆದ ಮನೋವೈದ್ಯರು ಸೈಲೋಸಿಬಿನ್ ಕೊಡಬಹುದು ಎಂದಿದೆ. ಇಂಥ ಚಿಕಿತ್ಸೆಯಲ್ಲಿ ಪ್ರಮಾಣ ಅಳೆದಿರುತ್ತದೆ, ರೋಗಿಯ ಪೂರ್ವಾಪರ ವಿಚಾರಿಸಿರುತ್ತಾರೆ, ತರಬೇತಾದವರು ಪಕ್ಕದಲ್ಲೇ ಕೂತಿರುತ್ತಾರೆ. ಅಂದರೆ ಆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಮೊದಲೇ ಸಿಕ್ಕಿರುತ್ತದೆ.

ಈ ಸಂಶೋಧನೆಗೆ ಒಂದು ದೊಡ್ಡ ಕಗ್ಗಂಟಿದೆ. ಔಷಧಿ ಸಿಕ್ಕಿತೋ ಸಕ್ಕರೆ ಮಾತ್ರೆ ಸಿಕ್ಕಿತೋ ಎಂಬುದು ರೋಗಿಗೆ ಗೊತ್ತಾಗಬಾರದು. ಗೋಡೆ ಉಸಿರಾಡಿದರೆ ಗೊತ್ತಾಗದೆ ಇರುತ್ತದೆಯೇ? ‘ಚೂರೇ ಚೂರು ತಗೊಂಡ್ರೆ ಕೋಡಿಂಗ್ ಚುರುಕಾಗುತ್ತೆ’ ಎಂಬ ಮೈಕ್ರೋಡೋಸಿಂಗ್ ಮಾತನ್ನೂ ಇಂಪೀರಿಯಲ್‌ನವರೇ ಪರೀಕ್ಷಿಸಿದರು. 191 ಜನ ತಮಗೆ ತಾವೇ ಗೊತ್ತಾಗದ ಹಾಗೆ ಕ್ಯಾಪ್ಸೂಲ್ ಕಲಸಿಟ್ಟುಕೊಂಡು ನುಂಗಿದರು. ಮೈಕ್ರೋಡೋಸ್ ತೆಗೆದುಕೊಂಡವರೂ ಸುಧಾರಿಸಿದರು, ಖಾಲಿ ಕ್ಯಾಪ್ಸೂಲ್ ನುಂಗಿದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದರು.

ಕಾನೂನು, ಮತ್ತು ಆ ರಾತ್ರಿ

ನಮ್ಮ ದೇಶದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಎಲ್‌ಎಸ್‌ಡಿ, ಸೈಲೋಸಿಬಿನ್, ಡಿಎಂಟಿ, ಮೆಸ್ಕಲೀನ್ ಎಲ್ಲವೂ ನಿಷಿದ್ಧ. ಎಲ್‌ಎಸ್‌ಡಿಗೆ ‘ಸಣ್ಣ ಪ್ರಮಾಣ’ ಎಂದರೆ 2 ಮಿಲಿಗ್ರಾಂ, ‘ವಾಣಿಜ್ಯ ಪ್ರಮಾಣ’ ಎಂದರೆ 0.1 ಗ್ರಾಂ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು ವರ್ಷ ಜೈಲು. ಮಿಶ್ರಣದಲ್ಲಿರುವ ತಟಸ್ಥ ವಸ್ತುವಿನ ತೂಕವನ್ನೂ ಸೇರಿಸಿಯೇ ಎಣಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತರ್ಕ ಕಾಗದದ ಚೂರಿಗೂ ಅನ್ವಯವಾದರೆ ಮೈಕ್ರೋಗ್ರಾಂ ಲೆಕ್ಕ ಮಿಲಿಗ್ರಾಂ ಲೆಕ್ಕವಾಗಿಬಿಡುತ್ತದೆ.

ಆದರೆ ಕೇಸು ಬೀಳುತ್ತದೆಂಬ ಭಯಕ್ಕೆ ಗೆಳೆಯನನ್ನು ರೂಮಿನಲ್ಲೇ ಬಚ್ಚಿಡಬೇಡಿ. ಆ ರಾತ್ರಿ ನಾವೂ ಮುಕ್ಕಾಲು ಗಂಟೆ ಅದನ್ನೇ ಚರ್ಚಿಸಿ ಹೊತ್ತು ಕಳೆದೆವು. ವಾರ್ಡನ್‌ಗೆ ಗೊತ್ತಾದರೆ? ಮನೆಗೆ ಫೋನ್ ಹೋದರೆ? ಈಗ ಓದಿದ ಮೇಲೆ ಆ ಮುಕ್ಕಾಲು ಗಂಟೆ ನೆನೆದರೆ ಮೈ ಜುಂ ಅನ್ನುತ್ತದೆ. ಅದು ಎನ್‌ಬಿಒಎಂಇ ಆಗಿದ್ದಿದ್ದರೆ?

ಯಾರಾದರೂ ಹಾಗೆ ಸಿಕ್ಕಿಬಿದ್ದರೆ ಒಬ್ಬರನ್ನೇ ಬಿಡಬೇಡಿ. ಗದ್ದಲ, ಬೆಳಕು ಕಡಿಮೆ ಮಾಡಿ. ಬುದ್ಧಿ ಹೇಳುವ ಹೊತ್ತು ಅದಲ್ಲ, ವಿಡಿಯೋ ಮಾಡುವ ಹೊತ್ತಂತೂ ಅಲ್ಲವೇ ಅಲ್ಲ. ಮೈ ಸುಡುತ್ತಿದ್ದರೆ, ಫಿಟ್ಸ್ ಬಂದರೆ, ಎದೆನೋವು ಎಂದರೆ, ಪ್ರಜ್ಞೆ ತಪ್ಪಿದರೆ, ತನಗೋ ಬೇರೆಯವರಿಗೋ ಏಟು ಮಾಡಿಕೊಳ್ಳುವ ಹಾಗಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಡಾಕ್ಟರಿಗೆ ಗೊತ್ತಿರುವುದನ್ನು ಇದ್ದ ಹಾಗೆ ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಆಮೇಲಿನ ದಿನಗಳಲ್ಲಿ ಮನಸ್ಸು ಸರಿಯಿಲ್ಲ ಅನ್ನಿಸಿದರೆ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಗೆಳೆಯನ ಆ ಕಾಗದದಲ್ಲಿ ಏನಿತ್ತು, ಎಷ್ಟಿತ್ತು ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ. ನಾಲ್ಕನೆಯ ಪ್ರಶ್ನೆಯ ಉತ್ತರ ಮಾತ್ರ ಆಮೇಲೆ ಗೊತ್ತಾಯಿತು. ಎರಡನೇ ಸೆಮಿಸ್ಟರ್‌ನಿಂದ ಅವನು ಆತಂಕಕ್ಕೆ ಮಾತ್ರೆ ತಿನ್ನುತ್ತಿದ್ದ. ‘ಯಾಕೋ ಹೇಳ್ಲಿಲ್ಲ?’ ಅಂದರೆ, ‘ನೀವು ಕೇಳ್ಲಿಲ್ವಲ್ಲ’ ಅಂದ.

ಈಗ ಕೇಳುತ್ತೇವೆ.